ಕಾಂತಚಿಕಿತ್ಸೆ ಮತ್ತು ಅದರ ಪರೀಕ್ಷೆ

ಜನರಲ್ಲಿ ಬೇರೂರಿದ ನಂಬಿಕೆಯೊಂದನ್ನು ಪರೀಕ್ಷೆಗೆ ಒಡ್ಡುವುದೆಂದರೆ ನಂಬಿದವರನ್ನು ಹಳಿಯುವುದೇ ಎಂಬ ಭಾವನೆ ಸಾಮಾನ್ಯವಾಗಿದೆ. ಪರೀಕ್ಷಿಸುವವರಿಗೂ ಒಮ್ಮೊಮ್ಮೆ ಈ ಭ್ರಮೆಯಿರುವುದುಂಟು. ನಂಬಿದವನು ಮೂಢ, ನಂಬಿಸಿದವನು ವಂಚಕ ಎಂದು ಮೊದಲೇ ನಿರ್ಣಯಿಸಿ ಹೊರಟದ್ದು ಪರೀಕ್ಷೆಯೆನಿಸಿಕೊಳ್ಳಲಾರದು. ಈ ದೋಷವನ್ನು ಬಹುಮಟ್ಟಿಗೆ ದಾಟಿದ ಒಂದು ಪರೀಕ್ಷೆ 1784ರಲ್ಲಿ ಫ್ರಾನ್ಸಿನ ರಾಜಧಾನಿ ಪ್ಯಾರಿಸಿನಲ್ಲಿ ನಡೆಯಿತು.

ವಿಯೆನ್ನಾದ ವೈದ್ಯ ಫ್ರಾನ್ಜ್ ಆಂಟನ್ ಮೆಸ್ಮರ್ 1778ರಲ್ಲಿ ಪ್ಯಾರಿಸಿಗೆ ಬಂದು ನೆಲೆಸಿದನು. ವಿಶ್ವವನ್ನೆಲ್ಲ ವ್ಯಾಪಿಸಿರುವ ಸೂಕ್ಷ್ಮದ್ರವವೊಂದು ಮನುಷ್ಯಶರೀರದಲ್ಲಿಯೂ ಸಂಚರಿಸುತ್ತದೆ. ಆ ಸಂಚಾರಕ್ಕೆ ತಡೆಯುಂಟಾದಾಗ ರೋಗ ತಲೆದೋರುತ್ತದೆ. ಬಲ್ಲವನು ತನ್ನ ಹಸ್ತಸ್ಪರ್ಶದಿಂದ ಅದನ್ನು ಮತ್ತೆ ಹರಿಯುವಂತೆ ಮಾಡಬಹುದು ಎಂಬುದು ಅವನ ವಾದ. ಇದಕ್ಕೆ ಅವನು ಜೀವಕಾಂತಶಕ್ತಿಯೆಂಬ ಅರ್ಥದ ಹೆಸರಿಟ್ಟನು. ಮಂದಬೆಳಕಿನ ಕೋಣೆಯಲ್ಲಿ ದೊಡ್ಡದೊಂದು ಮರದ ತೊಟ್ಟಿ. ಅದರಿಂದ ಹೊರಚಾಚಿದ ಕಬ್ಬಿಣದ ಸಲಾಕೆಗಳನ್ನು ನೋವಿರುವ ಅಂಗಕ್ಕೆ ತಾಗಿಸಿಕೊಂಡು ಸುತ್ತಲೂ ಕುಳಿತ ರೋಗಿಗಳು. ಹಿನ್ನೆಲೆಯಲ್ಲಿ ಗಾಜಿನ ವಾದ್ಯದ ನಾದ. ಸ್ವಲ್ಪ ಹೊತ್ತಿಗೆ ಕೆಲವರು ನಡುಗುವರು, ಕೆಲವರು ಅಳುವರು, ಕೆಲವರು ಮೂರ್ಛೆ ಹೋಗುವರು. ಎಚ್ಚೆತ್ತಾಗ ಹಲವರಿಗೆ ನೋವು ಇಳಿದಿರುತ್ತಿತ್ತು. ಮಂತ್ರಿಸಿದ ನೀರು ಕುಡಿದು ಜ್ವರ ಬಿಟ್ಟಿತೆಂದು ಹೇಳುವವರನ್ನು ಕಂಡಿರುವ ನಮ್ಮ ನಾಡಿನವರಿಗೆ ಇದು ತೀರ ಅಪರಿಚಿತವೆನಿಸದು.

ಆ ವರ್ಷದ ಮಾರ್ಚಿಯಲ್ಲಿ ದೊರೆ ಹದಿನಾರನೆಯ ಲೂಯಿ ಒಂದು ಆಯೋಗವನ್ನು ನೇಮಿಸಿದನು. ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವಾಸಿಯೆ, ಖಗೋಳಜ್ಞ ಬೇಯಿ, ವೈದ್ಯ ಗಿಯೊಟಿನ್ ಮೊದಲಾದವರು ಅದರ ಸದಸ್ಯರು. ಮೆಸ್ಮರನು ನುಡಿಸುತ್ತಿದ್ದ ಗಾಜಿನ ವಾದ್ಯವನ್ನು ನಿರ್ಮಿಸಿದವನು ಇದೇ ಫ್ರಾಂಕ್ಲಿನ್ ಎಂಬುದು ಸ್ವಾರಸ್ಯಕರ. ಮೆಸ್ಮರನು ಆಯೋಗದೊಡನೆ ಸಹಕರಿಸಲಿಲ್ಲ. ಅವನ ಶಿಷ್ಯನಾಗಿದ್ದ ವೈದ್ಯ ದೆಸ್ಲೋನ್ ಒಪ್ಪಿ ಮುಂದೆ ಬಂದನು.

ಇಷ್ಟು ಮಂದಿ ಗುಣಹೊಂದಿದ್ದಾರಲ್ಲ, ಅವರನ್ನು ಎಣಿಸಿದರೆ ಸಾಲದೆ? ಸಾಲದೆಂದು ಆಯೋಗ ಆರಂಭದಲ್ಲಿಯೇ ಅರಿಯಿತು. ಅನೇಕ ರೋಗಗಳು ಔಷಧವಿಲ್ಲದೆಯೂ ತಾವಾಗಿ ವಾಸಿಯಾಗುತ್ತವೆ. ಆದುದರಿಂದ ಗುಣವಾದದ್ದು ಆ ದ್ರವದಿಂದಲೇ ಎಂದು ಗುಣವಾದವನ ಮಾತಿನಿಂದ ಸಿದ್ಧವಾಗದು. ಆ ದ್ರವವಿದೆಯೇ ಎಂಬುದನ್ನೇ ಮೊದಲು ನೋಡಬೇಕು. ಸದಸ್ಯರು ಮೊದಲಿಗೆ ತಾವೇ ಚಿಕಿತ್ಸೆಗೆ ಕುಳಿತರು. ಅವರಿಗೆ ವಿಶೇಷವಾದ ಅನುಭವವೇನೂ ಆಗಲಿಲ್ಲ.

ಮುಂದಿನ ಪರೀಕ್ಷೆ ಪ್ಯಾರಿಸಿನ ಹೊರವಲಯದ ಪಾಸಿಯಲ್ಲಿದ್ದ ಫ್ರಾಂಕ್ಲಿನ್ನನ ತೋಟದಲ್ಲಿ ನಡೆಯಿತು. ದೆಸ್ಲೋನ್ ಅಲ್ಲಿಯ ಒಂದು ಏಪ್ರಿಕಾಟ್ ಮರಕ್ಕೆ ಕಾಂತಶಕ್ತಿ ತುಂಬಿದನು. ಆ ಶಕ್ತಿಗೆ ಬೇಗ ಒಳಗಾಗುವವನೆಂದು ದೆಸ್ಲೋನನೇ ಆರಿಸಿ ಕರೆತಂದಿದ್ದ ಸುಮಾರು 12 ವರ್ಷದ ಬಾಲಕನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದಾಗಿ ಮರಗಳನ್ನು ತಬ್ಬಿಸಲಾಯಿತು. ಮೊದಲನೆಯ ಮರದ ಬಳಿ ಅವನು ಬೆವರಿದನು, ಕೆಮ್ಮಿದನು. ಎರಡನೆಯದರಲ್ಲಿ ತಲೆಸುತ್ತು ಬಂದಿತು. ಮೂರನೆಯದರಲ್ಲಿ ಅದು ಹೆಚ್ಚಿತು. ನಾಲ್ಕನೆಯದರ ಬಳಿ ಕೈಕಾಲು ಬಿಗಿದು ಪ್ರಜ್ಞೆ ತಪ್ಪಿ ಬಿದ್ದನು. ಶಕ್ತಿ ತುಂಬಿದ ಮರವನ್ನು ಅವನು ಮುಟ್ಟಿಯೇ ಇರಲಿಲ್ಲ. ಅದು ಇನ್ನೂ 24 ಅಡಿ ದೂರದಲ್ಲಿತ್ತು. ಎಲ್ಲ ಮರಗಳಲ್ಲಿಯೂ ಸಹಜವಾಗಿ ಆ ಶಕ್ತಿಯಿರುತ್ತದೆಂದು ದೆಸ್ಲೋನ್ ಸಮರ್ಥಿಸಿಕೊಂಡನು. ಹಾಗಾದರೆ ಇಂಥವರು ಯಾವ ತೋಟಕ್ಕೂ ಕಾಲಿಡುವಂತಿಲ್ಲವಲ್ಲ ಎಂದು ಆಯೋಗ ಉತ್ತರಿಸಿತು.

ಲಾವಾಸಿಯೆಯ ಮನೆಯಲ್ಲಿ ನಡೆದ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಮಹಿಳೆಯೊಬ್ಬಳಿಗೆ ಹಲವು ಬಟ್ಟಲುಗಳಲ್ಲಿ ಸಾಮಾನ್ಯ ನೀರನ್ನು ಕೊಡಲಾಯಿತು. ನಾಲ್ಕನೆಯ ಬಟ್ಟಲಿಗೆ ಆಕೆಗೆ ಸೆಳವು ಬಂದಿತು. ಚೇತರಿಸಿಕೊಂಡು ಕುಡಿಯಲು ನೀರು ಕೇಳಿದಾಗ, ದೆಸ್ಲೋನನೇ ಶಕ್ತಿ ತುಂಬಿದ್ದ ಬಟ್ಟಲನ್ನು ಆಕೆಗೆ ತಿಳಿಯದಂತೆ ಕೊಟ್ಟರು. ಆಕೆ ಅದನ್ನು ಶಾಂತವಾಗಿ ಕುಡಿದು ಹಾಯೆನಿಸಿತೆಂದಳು.

ಆಗಸ್ಟ್ 11ರಂದು ಒಪ್ಪಿಸಲಾದ ವರದಿ ಬೇಯಿಯ ಲೇಖನಿಯಿಂದ ಬಂದುದು. ಕಾಂತಶಕ್ತಿಯಿಲ್ಲದೆಯೂ ಕಲ್ಪನೆಯೊಂದೇ ಸೆಳವನ್ನು ತರಬಲ್ಲದು. ಕಲ್ಪನೆಯಿಲ್ಲದ ಕಾಂತಶಕ್ತಿ ಏನನ್ನೂ ಮಾಡದು ಎಂಬುದು ಅದರ ನಿರ್ಣಯದ ಸಾರ. ಆ ಬಾಲಕನು ನಟಿಸಿದನೆಂದಾಗಲಿ ಆ ಮಹಿಳೆ ಸುಳ್ಳಾಡಿದಳೆಂದಾಗಲಿ ವರದಿ ಹೇಳಲಿಲ್ಲ. ಅವರ ಬೆವರು, ನಡುಕ, ಮೂರ್ಛೆಗಳೆಲ್ಲ ನಿಜ; ಅವಕ್ಕೆ ಹೇಳಿದ ಕಾರಣ ಮಾತ್ರ ನಿಜವಲ್ಲ. ಅನುಭವವನ್ನೂ ಅದರ ವ್ಯಾಖ್ಯಾನವನ್ನೂ ಹೀಗೆ ಬೇರ್ಪಡಿಸಿದ್ದರಲ್ಲಿಯೇ ಆಯೋಗದ ಹಿರಿಮೆಯಿದೆ.

ಇಲ್ಲಿ ದೆಸ್ಲೋನನ ಒಂದು ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕಲ್ಪನೆಯ ಚಿಕಿತ್ಸೆಯೇ ಉತ್ತಮವಾಗಿದ್ದರೆ ಅದನ್ನೇಕೆ ಬಳಸಬಾರದು ಎಂದು ಅವನು ಕೇಳಿದ್ದನು. ನೋವಿನಲ್ಲಿರುವವನಿಗೆ ತತ್ತ್ವನಿರ್ಣಯ ಬೇಕಿಲ್ಲ, ನೋವು ಶಮನವಾದರೆ ಸಾಕು. ಆದರೆ ರೋಗಿ ಒಪ್ಪಿ ಹಣ ತೆತ್ತದ್ದು ಕಾಂತದ್ರವಕ್ಕೆ, ಕಲ್ಪನೆಗಲ್ಲ. ಅವನ ಒಪ್ಪಿಗೆಯನ್ನು ಅಸತ್ಯದಿಂದ ಪಡೆದ ಮೇಲೆ ಅದನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ. ಮೇಲಾಗಿ, ಒಬ್ಬರನ್ನು ನೋಡಿ ಮತ್ತೊಬ್ಬರಿಗೆ ಹರಡುವ ಸೆಳವು ಅಪಾಯಕರವೆಂದು ವರದಿ ಎಚ್ಚರಿಸಿತ್ತು. ಪುರುಷ ಚಿಕಿತ್ಸಕರ ಸ್ಪರ್ಶದಿಂದ ಸ್ತ್ರೀಯರ ಮಾನಕ್ಕೆ ಒದಗಬಹುದಾದ ಕುಂದನ್ನು ಕುರಿತು ದೊರೆಗೆ ಗುಪ್ತವರದಿಯೊಂದನ್ನೂ ಸಲ್ಲಿಸಲಾಗಿತ್ತು.

ಆಯೋಗದ ಕೊರತೆ ಬೇರೆಡೆಯಿದೆ. ಕಲ್ಪನೆ ಅಷ್ಟು ಬಲವಾದುದಾದರೆ ಅದರ ಸ್ವರೂಪವೇನೆಂದು ಕೇಳದೆ ಅದು ತನ್ನ ಕಡತವನ್ನು ಮುಚ್ಚಿತು. ಇದೇ ವಿಷಯಕ್ಕೆ ನೇಮಕವಾಗಿದ್ದ ಮತ್ತೊಂದು ಆಯೋಗದಲ್ಲಿ ಸಸ್ಯಶಾಸ್ತ್ರಜ್ಞ ಜುಸ್ಸಿಯೂ ಒಬ್ಬನೇ ಭಿನ್ನಮತದ ವರದಿ ಬರೆದು ಹೆಚ್ಚಿನ ಅಧ್ಯಯನ ಬೇಕೆಂದನು. ಅವನ ಮಾತಿಗೆ ಹೆಚ್ಚು ಬೆಲೆ ಬರಲಿಲ್ಲ. ಆರು ದಶಕಗಳ ತರುವಾಯ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲ್ ಮೆಸ್ಮರನ ಹಾದಿಯಲ್ಲಿ ರೋಗಿಗಳನ್ನು ನಿದ್ರಾವಸ್ಥೆಗೆ ತಂದು, ದೊಡ್ಡ ಗಡ್ಡೆಗಳನ್ನು ಅವರು ನೋವೆಂದು ಕೂಗದಂತೆ ಕೊಯ್ದು ತೆಗೆಯತೊಡಗಿದನು. ಮರುವರ್ಷ ಕಲ್ಕತ್ತೆಯಲ್ಲಿ ಇದಕ್ಕಾಗಿ ಒಂದು ಪ್ರಾಯೋಗಿಕ ಆಸ್ಪತ್ರೆ ತೆರೆಯಿತು. ಕಾಂತದ್ರವವಿದೆಯೆಂದೇ ಎಸ್ಡೇಲ್ ನಂಬಿದ್ದನು. ಅದೇ ದಶಕದಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಆ ದ್ರವವನ್ನು ಕೈಬಿಟ್ಟು, ಮನಸ್ಸಿನ ಏಕಾಗ್ರತೆಯಿಂದಲೇ ಇಂಥ ಅವಸ್ಥೆ ಬರುತ್ತದೆಂದು ತೋರಿಸಿ ಅದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದನು. ಅಷ್ಟರಲ್ಲಿ ಈಥರ್ ಮತ್ತು ಕ್ಲೋರೋಫಾರ್ಮ್‌ಗಳು ಬಂದುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಎಸ್ಡೇಲನ ವಿಧಾನ ಹಿಂದೆ ಸರಿಯಿತು.