ಶಸ್ತ್ರಕ್ರಿಯೆಯ ನಂತರದ ರಾತ್ರಿ: ಅರ್ಬುದರೋಗಿಯ ನಿದ್ರೆ ಮತ್ತು ಶುಶ್ರೂಷೆಯ ಇತಿಹಾಸ

ವೈದ್ಯದ ಇತಿಹಾಸವನ್ನು ಬರೆದ ವಿದ್ವಾಂಸರು ಶಸ್ತ್ರವೈದ್ಯನ ಕೈಚಳಕವನ್ನೂ ಹೊಸ ಔಷಧಗಳ ಶೋಧವನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಗಂತಿಯನ್ನು ಕೊಯ್ದು ತೆಗೆದ ಮೇಲೆ ರೋಗಿಯು ಕಳೆಯಬೇಕಾದ ರಾತ್ರಿಯ ವಿಚಾರವು ಆ ಬರವಣಿಗೆಯಲ್ಲಿ ವಿರಳವಾಗಿಯೇ ಕಾಣಬರುತ್ತದೆ. ಶಸ್ತ್ರಕ್ರಿಯೆಯು ಕೆಲವು ಗಂಟೆಗಳ ಕೆಲಸ. ಅದರ ಹಿಂದೆ ಬರುವ ರಾತ್ರಿಗಳು ಅನೇಕ. ನೋವು ಮತ್ತು ಭಯಗಳಿಂದ ನಿದ್ರೆ ಬಾರದೆ ಮಲಗಿರುವ ಅರ್ಬುದರೋಗಿಯ ಹೊಣೆಯನ್ನು ಆಯಾ ಕಾಲದ ಸಮಾಜವು ಯಾರಿಗೆ ಒಪ್ಪಿಸಿದ್ದಿತು? ಈ ಲೇಖನದಲ್ಲಿ ನಾವು ವಿಚಾರಿಸಲು ಹೊರಟಿರುವುದು ಈ ಒಂದು ಪ್ರಶ್ನೆಯನ್ನು. ರೋಗಿಯ ನೆಮ್ಮದಿಯು ಒಬ್ಬರ ದಯೆಯನ್ನು ಮಾತ್ರ ಅವಲಂಬಿಸಿದಾಗ ಅಸ್ಥಿರವಾಗಿಯೂ, ಗೊತ್ತುಮಾಡಿದ ಕರ್ತವ್ಯವಾದಾಗ ಸ್ಥಿರವಾಗಿಯೂ ಇರುವುದೆಂಬುದು ನಮ್ಮ ಅಭಿಪ್ರಾಯ.

ಈ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಯಡೂರಿನ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಚಿಕ್ಕೋಡಿ ತಾಲ್ಲೂಕಿನ ಈ ಊರು ಕೃಷ್ಣಾ ನದಿಯ ತೀರದಲ್ಲಿದ್ದು ವೀರಭದ್ರ ದೇವಾಲಯದಿಂದ ಪ್ರಸಿದ್ಧವಾಗಿದೆ. ಮಳೆಗಾಲದಲ್ಲಿ ನದಿ ಉಕ್ಕಿದಾಗ ಕಲ್ಲೋಳ-ಯಡೂರು ಸೇತುವೆಯು ಮುಳುಗಿ ದಾರಿ ಕಡಿದುಹೋಗುವುದು ಇಲ್ಲಿಯವರಿಗೆ ಪರಿಚಿತವಾದ ಸಂಗತಿ. ಪಶ್ಚಿಮಕ್ಕೆ ನಿಪ್ಪಾಣಿಯಿದೆ. ಅದರ ಸುತ್ತಣ ನೆಲವು ಬೀಡಿಯ ತಂಬಾಕಿಗೆ ಹೆಸರಾದುದು. ತಂಬಾಕಿನ ಬೆಲೆಗಾಗಿ 1981ರಲ್ಲಿ ಬೆಳೆಗಾರರು ನಡೆಸಿದ ಚಳವಳಿಯೂ ಅದರಲ್ಲಿ ನಡೆದ ಗೋಲೀಬಾರೂ ಇತಿಹಾಸದಲ್ಲಿ ದಾಖಲಾಗಿವೆ. ಬೆಲೆಯ ಇತಿಹಾಸವು ಬರೆಯಲ್ಪಟ್ಟಷ್ಟು, ಅದೇ ಎಲೆಯು ಮನುಷ್ಯನ ಬಾಯಿ ಗಂಟಲುಗಳಲ್ಲಿ ಉಂಟುಮಾಡುವ ವ್ಯಾಧಿಯ ಇತಿಹಾಸವು ಬರೆಯಲ್ಪಟ್ಟಿಲ್ಲ. ತಂಬಾಕು ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣವೆಂಬುದು ಇಂದು ನಿರ್ವಿವಾದ. ಆ ವ್ಯಾಧಿಗೆ ಶಸ್ತ್ರಕ್ರಿಯೆ ಬೇಕಾದಾಗ ಕೃಷ್ಣಾತೀರದ ಜನರು ಉತ್ತರಕ್ಕೆ ಮಿರಜಿಗೋ, ದಕ್ಷಿಣಕ್ಕೆ ಬೆಳಗಾವಿಗೋ, ಇನ್ನೂ ದೂರ ಮುಂಬಯಿಗೋ ಹೋಗಬೇಕಾಗಿ ಬಂದಿದೆ.

ಮೊದಲು ಪ್ರಾಚೀನ ಗ್ರಂಥಗಳನ್ನು ನೋಡೋಣ. ಸುಶ್ರುತಸಂಹಿತೆಯು ಅರ್ಬುದವನ್ನು ಹೆಸರಿಸಿ, ಅದರ ಶೇಷ ಉಳಿದರೆ ಬೇಗನೆ ಮತ್ತೆ ಬೆಳೆಯುವುದೆಂದು ಎಚ್ಚರಿಸುತ್ತದೆ. ಅಲ್ಲಿಯ ಅರ್ಬುದವೆಲ್ಲವೂ ಇಂದಿನ ಕ್ಯಾನ್ಸರ್ ಎಂದು ಹೇಳಲಾಗದು. ಆದರೂ ಕೊಯ್ದ ರೋಗಿಯ ಆರೈಕೆಯ ವಿಷಯದಲ್ಲಿ ಆ ಗ್ರಂಥದ ವಿಧಿಗಳು ಸ್ಪಷ್ಟವಾಗಿವೆ. ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯವು ಪೂರ್ತಿಯಾಗಿ ಗಾಯಗೊಂಡವನ ಉಪಚಾರಕ್ಕೆ ಮೀಸಲಾಗಿದೆ. ರೋಗಿಗೆ ಶುಚಿಯಾದ, ಬಿಸಿಲು ಗಾಳಿಗಳ ಬಾಧೆಯಿಲ್ಲದ ಮನೆ ಬೇಕು. ಇಕ್ಕಟ್ಟಿಲ್ಲದ, ಚೆನ್ನಾಗಿ ಹಾಸಿದ ಹಾಸಿಗೆ ಬೇಕು. ಪ್ರಿಯವಾಗಿ ಮಾತಾಡುವ ಮಿತ್ರರು ಕಥೆಗಳನ್ನು ಹೇಳುತ್ತ ಅವನ ನೋವನ್ನು ಮರೆಸಬೇಕು. ಸಾಸಿವೆ, ಬೇವಿನೆಲೆ, ತುಪ್ಪ ಮತ್ತು ಉಪ್ಪುಗಳಿಂದ ದಿನಕ್ಕೆರಡು ಬಾರಿ ಹತ್ತು ರಾತ್ರಿಗಳವರೆಗೆ ಧೂಪ ಹಾಕಬೇಕು. ಹಗಲು ನಿದ್ರೆಯನ್ನು ಮಾತ್ರ ಗ್ರಂಥಕಾರನು ನಿಷೇಧಿಸಿದ್ದಾನೆ. ಅವನು ಕೊಡುವ ಕಾರಣ ಬೇರೆ, ಗಾಯಕ್ಕೆ ಊತ ತುರಿಕೆಗಳು ಬರುವುವೆಂಬುದು. ಆದರೆ ಹಗಲೆಲ್ಲ ಮಲಗಿದ ರೋಗಿಗೆ ರಾತ್ರಿ ನಿದ್ರೆ ಹತ್ತದೆಂಬುದನ್ನು ಇಂದಿನ ದಾದಿಯರೂ ಬಲ್ಲರು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನನ್ನು ವೈದ್ಯನ ಕೈಯಾಳೆಂದು ಎಣಿಸದೆ ಒಂದು ಸ್ವತಂತ್ರ ಪಾದವೆಂದು ಗಣಿಸಿರುವುದು ಗಮನಾರ್ಹವಾಗಿದೆ. ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇವು ಅವನಿಗೆ ವಿಹಿತವಾದ ಗುಣಗಳು. ಸುಶ್ರುತನಾದರೋ ಇನ್ನೊಂದು ಗುಣವನ್ನು ಸೇರಿಸುತ್ತಾನೆ. ಉಪಚಾರಕನು ಹೇಸಿಕೆ ಪಡದವನಾಗಿರಬೇಕು. ಬಾಯಿಯ ಅರ್ಬುದ ಒಡೆದು ನಾರುವ ಗಾಯವನ್ನು ಕಂಡವರಿಗೆ ಈ ಒಂದು ಮಾತಿನ ಬೆಲೆ ತಿಳಿದೀತು. ಚರಕನು ನಿದ್ರಾನಾಶಕ್ಕೆ ಕಾರ್ಯ, ಕಾಲ, ವ್ಯಾಧಿ, ಪ್ರಕೃತಿ ಮತ್ತು ವಾಯುವನ್ನು ಕಾರಣಗಳೆಂದು ಎಣಿಸಿ, ಎಣ್ಣೆಯ ಅಭ್ಯಂಜನ, ಹಾಲು, ಮೈ ಒತ್ತುವಿಕೆ, ಹಿತವಾದ ಶಬ್ದ ಮತ್ತು ಪರಿಮಳ, ಸುಖವಾದ ಶಯ್ಯೆ ಮೊದಲಾದ ಉಪಾಯಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಬಹುಪಾಲು ಔಷಧದ ಕೆಲಸವಲ್ಲ, ಉಪಚಾರಕನ ಕೆಲಸ.

ಗ್ರಂಥದ ವಿಧಿಯು ಆಚರಣೆಗೆ ಬಂದಿತೆಂದು ಹೇಳಲು ಶಾಸನಗಳ ಆಧಾರ ಬೇಕು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. 1162ರ ಶಾಸನವು ಆ ಮಠವನ್ನು ದೀನರಿಗೂ ಅಂಗವಿಕಲರಿಗೂ ಅನ್ನ ನೀಡುವ ಸ್ಥಾನವೆಂದೂ ಅನಾಥ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ಕೊಂಡಾಡುತ್ತದೆ. ಇದು ಕನ್ನಡ ನಾಡಿನ ಹೆಮ್ಮೆಯ ಸಂಗತಿಯೇ ಸರಿ. ಆದರೆ ಅಲ್ಲಿ ರಾತ್ರಿಯ ಆರೈಕೆಯನ್ನು ನೋಡುತ್ತಿದ್ದವರು ಯಾರೆಂಬುದಕ್ಕೆ ಆ ವರ್ಣನೆಯಲ್ಲಿ ಉತ್ತರವಿಲ್ಲ. ಆ ಉತ್ತರವು ತಮಿಳು ನಾಡಿನ ತಿರುಮುಕ್ಕೂಡಲಿನ ಶಾಸನದಲ್ಲಿ ದೊರೆಯುತ್ತದೆ. ಚೋಳ ವೀರರಾಜೇಂದ್ರನ ಕಾಲದ, ಹನ್ನೊಂದನೆಯ ಶತಮಾನದ ಆ ಶಾಸನವು ಹದಿನೈದು ಹಾಸಿಗೆಗಳ ಆಸ್ಪತ್ರೆಯೊಂದಕ್ಕೆ ವೈದ್ಯ, ಶಸ್ತ್ರವೈದ್ಯ ಮತ್ತು ಶುಶ್ರೂಷೆಯ ಹೆಂಗಸರನ್ನು ನೇಮಿಸಿ ಅವರ ವೇತನವನ್ನು ಗೊತ್ತುಮಾಡುತ್ತದೆ. ರಾತ್ರಿ ಉರಿಯುವ ದೀಪದ ಎಣ್ಣೆಗೂ ಅಲ್ಲಿ ವೆಚ್ಚವನ್ನು ಬರೆದಿಟ್ಟಿದ್ದಾರೆ. ಕೊಂಡಾಟವು ಧರ್ಮವನ್ನು ತಿಳಿಸುತ್ತದೆ. ಎಣ್ಣೆಯ ಲೆಕ್ಕವು ವ್ಯವಸ್ಥೆಯನ್ನು ತಿಳಿಸುತ್ತದೆ.

ಆಧುನಿಕ ಯುಗಕ್ಕೆ ಬಂದಾಗ ನಿದ್ರೆಯ ಪ್ರಶ್ನೆಯು ಎರಡಾಗಿ ಒಡೆಯಿತು. ಜಪಾನಿನ ಹನಾಓಕಾ ಸೇಶೂ ಎಂಬ ವೈದ್ಯನು 1804ರಲ್ಲಿ ಸಸ್ಯೌಷಧವೊಂದರಿಂದ ರೋಗಿಯನ್ನು ಮಲಗಿಸಿ ಸ್ತನದ ಅರ್ಬುದವನ್ನು ತೆಗೆದನು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರಿನ ಬಹಿರಂಗ ಪ್ರಯೋಗ ನಡೆಯಿತು. ಮರುವರ್ಷವೇ ಅದು ಭಾರತಕ್ಕೂ ಬಂದಿತು. ಇದರಿಂದ ಶಸ್ತ್ರವೈದ್ಯನಿಗೆ ಬೇಕಾದ ನಿದ್ರೆಯು ಸಿದ್ಧಿಸಿತು. ರೋಗಿಗೆ ಬೇಕಾದ ನಿದ್ರೆಯು ಅದರಿಂದ ಸಿದ್ಧಿಸಲಿಲ್ಲ. ಅರಿವಳಿಕೆಯು ನೈಸರ್ಗಿಕ ನಿದ್ರೆಯಲ್ಲ. ಅದರ ಅಮಲು ಇಳಿದ ಮೇಲೆ ಬರುವ ಒಂದೆರಡು ರಾತ್ರಿಗಳಲ್ಲಿ ರೋಗಿಯ ನಿದ್ರೆಯು ತುಂಡುತುಂಡಾಗಿಯೇ ಇರುತ್ತದೆ. ಈ ಎರಡನೆಯ ನಿದ್ರೆಯ ವಿಚಾರವನ್ನು ಗಂಭೀರವಾಗಿ ಎತ್ತಿಕೊಂಡವರು ವೈದ್ಯರಿಗಿಂತ ಹೆಚ್ಚಾಗಿ ದಾದಿಯರು. ಫ್ಲಾರೆನ್ಸ್ ನೈಟಿಂಗೇಲರು 1860ರ ಸುಮಾರಿನಲ್ಲಿ ಹೊರತಂದ ಶುಶ್ರೂಷೆಯ ಕೈಪಿಡಿಯಲ್ಲಿ ಸದ್ದಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಆಗತಾನೆ ಕಣ್ಣು ಹತ್ತಿದ ರೋಗಿಯನ್ನು ಎಬ್ಬಿಸಿದರೆ ಆ ರಾತ್ರಿಯ ನಿದ್ರೆಯೇ ಕೆಡುವುದೆಂದು ಅವರು ಎಚ್ಚರಿಸಿದ್ದರು.

ಈ ಹೊಸ ಶುಶ್ರೂಷೆಯು ಕೃಷ್ಣಾತೀರದ ಸಮೀಪಕ್ಕೆ ಬಂದುದು ಮಿರಜಿನ ಮೂಲಕ. ಕೆನಡದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್‌ಲೆಸ್ ಅವರು 1889ರಲ್ಲಿ ಭಾರತಕ್ಕೆ ಬಂದು, ಆಗ ಸಂಸ್ಥಾನದ ಪಟ್ಟಣವಾಗಿದ್ದ ಮಿರಜಿನಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದರು. ಮೂರು ವರ್ಷಗಳ ತರುವಾಯ, 1897ರಲ್ಲಿ, ಅಲ್ಲಿಯೇ ದಾದಿಯರ ಶಿಕ್ಷಣವೂ ಆರಂಭವಾಯಿತು. ಶಸ್ತ್ರವೈದ್ಯನ ಹಿಂದೆಯೇ ದಾದಿಯ ಶಾಲೆ ಬಂದುದು ಆಕಸ್ಮಿಕವಲ್ಲ. ಹಾಸಿಗೆಗಳು ಹೆಚ್ಚಿದಂತೆ ರಾತ್ರಿಯ ಪಾಳಿಗೆ ತರಬೇತಾದ ಜನರು ಬೇಕಾದರು. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ಹಾಯ್ದು ಮಿರಜನ್ನು ಸೇರುವ ರೈಲುದಾರಿಯು ಈ ಸೀಮೆಯ ಕನ್ನಡಿಗರಿಗೆ ಆ ಪಟ್ಟಣವನ್ನು ಹತ್ತಿರ ಮಾಡಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದಾಗ ಮಿರಜು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ರಾಜ್ಯದ ಗಡಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ.

ಆದರೆ ಇಂತಹ ದಾದಿಯರು ಎಷ್ಟು ಮಂದಿ ಇದ್ದರು? 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಭಾರತದಲ್ಲಿ 6,300 ಜನರಿಗೆ ಒಬ್ಬ ವೈದ್ಯನಿದ್ದರೆ, 43,000 ಜನರಿಗೆ ಒಬ್ಬ ದಾದಿಯಿದ್ದಳು. ವೈದ್ಯನಿಗಿಂತ ದಾದಿ ಏಳುಪಟ್ಟು ವಿರಳ. ಈ ಒಂದು ಅಂಕಿಯು ನಮ್ಮ ಆಸ್ಪತ್ರೆಗಳ ರಾತ್ರಿಯನ್ನು ವಿವರಿಸುತ್ತದೆ. ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಹೆಂಡತಿ, ತಾಯಿ ಅಥವಾ ಮಗನನ್ನು ನಾವು ಕುಟುಂಬಪ್ರೇಮದ ನಿದರ್ಶನವಾಗಿ ಮಾತ್ರ ನೋಡುತ್ತೇವೆ. ಪ್ರೇಮವಿರುವುದು ನಿಜ, ಆದರೆ ಅಲ್ಲಿ ಒಂದು ಖಾಲಿ ಹುದ್ದೆಯೂ ಇದೆ. ದಾದಿಯಿಲ್ಲದ ಕಡೆ ಆ ಹುದ್ದೆಯನ್ನು ಬಂಧುವು ವೇತನವಿಲ್ಲದೆ, ತರಬೇತಿಯಿಲ್ಲದೆ ತುಂಬಿದನು. ರೋಗಿಯ ಜೊತೆಗೆ ಅವನ ನಿದ್ರೆಯೂ ಹೋಯಿತು.

ಕ್ಯಾನ್ಸರಿಗೆ ಮೀಸಲಾದ ಆಸ್ಪತ್ರೆಗಳು ಆಮೇಲೆ ಬೆಳೆದವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಲ್ಲಿಯೂ ಆರಂಭವಾದವು. ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಇವುಗಳ ಜೊತೆಗೆ ನಡೆದ ಇನ್ನೊಂದು ಬೆಳವಣಿಗೆಯು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ದಾದಿಯಾಗಿದ್ದು ಅನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಧರ್ಮಶಾಲೆಯನ್ನು ತೆರೆದು, ನೋವು ಮರಳುವವರೆಗೆ ಕಾಯದೆ ಗಂಟೆಯ ಲೆಕ್ಕದಲ್ಲಿ ಮಾರ್ಫೀನ್ ಕೊಡುವ ಕ್ರಮವನ್ನು ಬಲಪಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿನ ಶಮನಕ್ಕೆ ಗುರಿಗಳನ್ನು ಹೇಳುವಾಗ ನೋವಿಲ್ಲದ ನಿದ್ರೆಯನ್ನೇ ಮೊದಲನೆಯದಾಗಿ ಇರಿಸಿತು. ವಿಶ್ರಾಂತಿಯ ವೇಳೆ ನೋವಿಲ್ಲದಿರುವುದು ಎರಡನೆಯದು. ಎದ್ದು ನಡೆದಾಡುವಾಗ ನೋವಿಲ್ಲದಿರುವುದು ಮೂರನೆಯದು. ಇದೇ ಸಮಯದಲ್ಲಿ ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯು ಮಾರ್ಫೀನಿನ ಪೂರೈಕೆಯನ್ನು ಪರವಾನೆಗಳ ತೊಡಕಿಗೆ ಸಿಕ್ಕಿಸಿತು. ಆ ತೊಡಕನ್ನು ಸಡಿಲಿಸುವ ತಿದ್ದುಪಡಿಯು 2014ರಲ್ಲಿ ಬಂದಿತು. ಈ ನಡುವೆ 1994ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಟ್ರಸ್ಟೊಂದು 1999ರಲ್ಲಿ ಕರುಣಾಶ್ರಯವನ್ನು ತೆರೆದು, ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾದ ಆರೈಕೆಯನ್ನು ಕೊಡತೊಡಗಿತು.

ಶುಶ್ರೂಷಾಶಾಸ್ತ್ರವು 1990ರ ದಶಕದಲ್ಲಿ ನೆಮ್ಮದಿಯನ್ನೇ ತನ್ನ ಸಿದ್ಧಾಂತದ ವಿಷಯವನ್ನಾಗಿ ಮಾಡಿಕೊಂಡಿತು. ಅಮೆರಿಕದ ಕ್ಯಾಥರೀನ್ ಕೊಲ್ಕಾಬಾ ಅವರು ನೆಮ್ಮದಿಯಲ್ಲಿ ಮೂರು ಬಗೆಗಳನ್ನು ಗುರುತಿಸಿದರು: ಬಾಧೆಯಿಂದ ಬಿಡುಗಡೆ, ನಿರಾಳವಾದ ಸ್ಥಿತಿ, ಬಾಧೆಯಿದ್ದರೂ ಅದನ್ನು ಮೀರಿ ನಿಲ್ಲುವ ಶಕ್ತಿ. ಇವುಗಳನ್ನು ದೇಹ, ಮನಸ್ಸು, ಪರಿಸರ ಮತ್ತು ಸಮಾಜ ಎಂಬ ನಾಲ್ಕು ನೆಲೆಗಳಲ್ಲಿ ನೋಡಬೇಕೆಂಬುದು ಅವರ ವಾದ. ಇದನ್ನು ಬಾಯಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ ರೋಗಿಗೆ ಅನ್ವಯಿಸಿ ನೋಡಬಹುದು. ಅವನ ದವಡೆಯ ಭಾಗವನ್ನು ತೆಗೆದಿರಬಹುದು. ಉಸಿರಾಟಕ್ಕಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡಿರಬಹುದು. ಮೂಗಿನಿಂದ ಇಳಿಬಿಟ್ಟ ನಳಿಕೆಯಲ್ಲಿ ಅವನಿಗೆ ಆಹಾರ. ಮಾತು ಹೊರಡದು, ಕಣ್ಣು ಮುಚ್ಚಿದರೆ ಉಸಿರು ಕಟ್ಟೀತೆಂಬ ಭಯ. ಇಂತಹವನಿಗೆ ಯೋಚನೆಯಿಲ್ಲದೆ ನಿದ್ರೆಯ ಗುಳಿಗೆಯನ್ನು ಕೊಡುವುದು ಅಪಾಯಕರ, ಉಸಿರಾಟವೇ ಕುಗ್ಗಬಹುದು. ಕಫವನ್ನು ತೆಗೆಯುವ ಕೆಲಸವನ್ನು ಬೆಳಗಿನವರೆಗೆ ಮುಂದೂಡಲೂ ಬಾರದು. ಆದುದರಿಂದ ಬಲ್ಲ ದಾದಿಯು ಮುಂದೂಡಲಾಗದ ಕೆಲಸವನ್ನೂ ಕೂಡಿಸಬಹುದಾದ ಕೆಲಸವನ್ನೂ ಬೇರ್ಪಡಿಸುತ್ತಾಳೆ. ನಾಡಿ, ಜ್ವರ, ಔಷಧ, ಮಗ್ಗುಲು ಬದಲಿಸುವುದು ಇವನ್ನು ಸಾಧ್ಯವಾದಷ್ಟು ಒಂದೇ ವೇಳೆಗೆ ತಂದು, ನಡುವೆ ಎಡೆಬಿಡದ ಕೆಲವು ಗಂಟೆಗಳನ್ನು ರೋಗಿಗೆ ಉಳಿಸುತ್ತಾಳೆ. ನಿದ್ರೆಗೆಡಿಸುವ ಸ್ಟೀರಾಯ್ಡನ್ನು ಬೆಳಗ್ಗೆಯೇ ಕೊಡಬಹುದೇ ಎಂದು ವೈದ್ಯರನ್ನು ಕೇಳುತ್ತಾಳೆ, ದೀಪವನ್ನು ತಗ್ಗಿಸುತ್ತಾಳೆ, ಕರೆಗಂಟೆಯನ್ನೂ ಬರೆಯುವ ಹಲಗೆಯನ್ನೂ ಅವನ ಕೈಗೆ ಎಟಕುವಂತೆ ಇಡುತ್ತಾಳೆ. ಕರೆದರೆ ಯಾರಾದರೂ ಬರುವರೆಂಬ ನಂಬಿಕೆಯು ಎಷ್ಟೋ ವೇಳೆ ಗುಳಿಗೆಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಗಡಿನಾಡಿನಲ್ಲಿ ಭಾಷೆಯೂ ಈ ನಂಬಿಕೆಯ ಅಂಗವಾಗಿದೆ. ನಾಳೆ ಏನಾಗುವುದೆಂದು ತನ್ನ ನುಡಿಯಲ್ಲಿ ಕೇಳಿ ತಿಳಿದ ರೋಗಿಯ ರಾತ್ರಿಯು, ಅರ್ಧ ತಿಳಿದ ರೋಗಿಯ ರಾತ್ರಿಗಿಂತ ಹಗುರವಾಗಿರುತ್ತದೆ.

ಜೀವವನ್ನು ಉಳಿಸುವುದು ಮೊದಲು, ನೆಮ್ಮದಿಯು ಅನುಕೂಲವಿದ್ದವರ ಸೌಕರ್ಯವೆಂದು ಕೆಲವರು ಆಕ್ಷೇಪಿಸಬಹುದು. ಮೇಲ್ಕಂಡ ಇತಿಹಾಸವು ಈ ಆಕ್ಷೇಪಕ್ಕೆ ಆಸ್ಪದ ಕೊಡುವುದಿಲ್ಲ. ನಿದ್ರೆಯಿಲ್ಲದವನಿಗೆ ನೋವು ಹೆಚ್ಚು ತಾಗುತ್ತದೆ; ನೋವು ಹೆಚ್ಚಿದವನಿಗೆ ನಿದ್ರೆ ಬಾರದು. ದಣಿದವನು ಎದ್ದು ನಡೆಯಲಾರ, ಮುಂದಿನ ಚಿಕಿತ್ಸೆಗೆ ಮನಸ್ಸು ಕೊಡಲಾರ. ಬಡವನ ಮಂಚದ ಬಳಿ ದಾದಿಯಿಲ್ಲವೆಂದರೆ ಅವನಿಗೆ ನೆಮ್ಮದಿ ಬೇಕಿಲ್ಲವೆಂದು ಅರ್ಥವಲ್ಲ. ಅದರ ವೆಚ್ಚವನ್ನು ಅವನ ಮನೆಯವರು ತೆರುತ್ತಿದ್ದಾರೆಂದು ಅರ್ಥ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಆಸ್ಪತ್ರೆಗಳ ಇತಿಹಾಸವನ್ನು ನಾವು ಅಡಿಗಲ್ಲು, ದಾನಿಗಳ ಹೆಸರು ಮತ್ತು ಉದ್ಘಾಟನೆಯ ದಿನಾಂಕಗಳಿಂದ ಬರೆಯುತ್ತ ಬಂದಿದ್ದೇವೆ. ರಾತ್ರಿಪಾಳಿಯ ಹಾಜರಿ ಪುಸ್ತಕ, ದಾದಿಯರು ಬೆಳಗ್ಗೆ ಒಪ್ಪಿಸುವ ವರದಿ, ವಾರ್ಡಿನ ಔಷಧದ ಲೆಕ್ಕ ಇವೂ ಶಾಸನಗಳಷ್ಟೇ ಬೆಲೆಯುಳ್ಳ ಆಧಾರಗಳು. ರದ್ದಿಗೆ ಹೋಗುವ ಮೊದಲು ಇವನ್ನು ಸಂಗ್ರಹಿಸಬೇಕು. ರೋಗಿಯ ಪಕ್ಕದಲ್ಲಿ ಎಚ್ಚರವಾಗಿದ್ದ ಬಂಧುಗಳ ನೆನಪುಗಳನ್ನೂ ಕೇಳಿ ಬರೆದಿಡಬೇಕು. ತಿರುಮುಕ್ಕೂಡಲಿನ ಎಣ್ಣೆಯ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಯಿಸಿದವರು ಒಂದು ಸತ್ಯವನ್ನು ಅರಿತಿದ್ದರು. ರೋಗಿಯ ರಾತ್ರಿಗೆ ದೀಪವನ್ನೂ ಮನುಷ್ಯರನ್ನೂ ಮೊದಲೇ ಗೊತ್ತುಮಾಡಿ ವೆಚ್ಚವನ್ನು ತೆಗೆದಿಡದಿದ್ದರೆ, ಕರುಣೆಯು ಎಷ್ಟೇ ಇದ್ದರೂ ನಡುರಾತ್ರಿಯ ಹೊತ್ತಿಗೆ ಎಣ್ಣೆ ತೀರುತ್ತದೆ.