ಮನೆಗೆ ಮಗುವೋ, ಮಗುವಿಗೆ ಮನೆಯೋ?

ರಾಜಾಜಿನಗರದ ನಮ್ಮ ವಠಾರದ ಕೊನೆಯ ಮನೆಯಲ್ಲಿ ಕಳೆದ ತಿಂಗಳು ಬಲು ಗಡಿಬಿಡಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗದ ದಂಪತಿಗಳು ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿದ್ದರು. ಅವರ ಮನೆ ನೋಡಲು ಸಮಾಜಕಾರ್ಯಕರ್ತೆಯೊಬ್ಬರು ಬರುವವರಿದ್ದರು. ಗೋಡೆಗೆ ಬಣ್ಣ ಬಳಿದದ್ದಾಯಿತು. ನಮ್ಮಲ್ಲಿ ಎರಡು ಕುರ್ಚಿ ಕೇಳಲು ಬಂದ ಆಕೆ, "ಬಾಡಿಗೆ ಮನೆ, ಇರುವುದೊಂದೇ ಕೋಣೆ. ನಮಗೆ ಮಗು ಕೊಡುತ್ತಾರೆಯೇ ಸಾರ್?" ಎಂದು ಕಣ್ಣು ತುಂಬಿಕೊಂಡಳು.

ವಕೀಲಿಯಲ್ಲಿ ತಲೆ ನರೆಸಿಕೊಂಡ ನನಗೆ ದತ್ತಕದ ಹಳೆಯ ಕಥೆಗಳು ನೆನಪಾದವು. ಆಗ ಅದು ಮನೆತನದ ಪ್ರಶ್ನೆ: ಪಿಂಡ ಹಾಕುವವರಾರು, ಆಸ್ತಿ ಯಾರಿಗೆ? 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದಾಗ ರಾಣಿ ಚೆನ್ನಮ್ಮ ಕಾಳಗಕ್ಕೇ ನಿಂತಳು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕನಿಗೇ 1881ರಲ್ಲಿ ಮೈಸೂರು ರಾಜ್ಯ ಹಿಂದಿರುಗಿತು. ಎರಡು ಕಡೆಯೂ ಸಿಂಹಾಸನಕ್ಕೆ ಮಗು ಬೇಕಾಗಿತ್ತು. ಮಗುವಿಗೇನು ಬೇಕೆಂಬುದು ಆ ವಾದದ ವಿಷಯವೇ ಆಗಿರಲಿಲ್ಲ.

ಹಳೆಯ ಹಿಂದೂ ಧರ್ಮಶಾಸ್ತ್ರದ ರೂಢಿಯಲ್ಲಿ ದತ್ತಕಕ್ಕೆ ಗಂಡುಮಗುವೇ ಆಗಬೇಕು. ಕೊಡುವವರು ಹೆತ್ತವರೇ ಆಗಬೇಕು. ಎಂದಮೇಲೆ, ಮನೆಯ ಆಸರೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದ ಅನಾಥ ಶಿಶುವಿಗೇ ಬಾಗಿಲು ಮುಚ್ಚಿತ್ತು! 1956ರ ಕಾಯಿದೆ ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದಿತು. 1962ರ ತಿದ್ದುಪಡಿಯಿಂದ, ಹೆತ್ತವರಿಲ್ಲದ ಅಥವಾ ಅವರು ತೊರೆದ ಮಗುವನ್ನು ನ್ಯಾಯಾಲಯದ ಅನುಮತಿ ಪಡೆದು ಪೋಷಕರು ಕೊಡುವುದು ಸಾಧ್ಯವಾಯಿತು.

1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನಮ್ಮ ಮಕ್ಕಳನ್ನು ಬಯಸುವ ವಿದೇಶೀಯರ ಮನೆಯ ಸ್ಥಿತಿಗತಿಯ ವರದಿ ಬೇಕೇಬೇಕೆಂದಿತು. ಅದೇ ಅಳತೆಗೋಲು ಇಂದು ನಮಗೂ ಉಂಟು. ದಂಪತಿಗಳಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯವಿರಬೇಕು. ಇಬ್ಬರ ಒಪ್ಪಿಗೆಯೂ ಬೇಕು. ಸಾಮಾನ್ಯವಾಗಿ ಮಗುವಿಗೂ ಅವರಲ್ಲಿ ಒಬ್ಬೊಬ್ಬರಿಗೂ 25 ವರ್ಷಕ್ಕೆ ಕಡಿಮೆಯಿಲ್ಲದ ಅಂತರವಿರಬೇಕು. ಆದಾಯ, ಆರೋಗ್ಯ, ಹಿರಿಯರ ಮನಸ್ಸು, ಮಗುವನ್ನು ನೋಡಿಕೊಳ್ಳುವವರಾರು ಎಂಬುದೆಲ್ಲ ಗೃಹ ಅಧ್ಯಯನ ವರದಿಯಲ್ಲಿ ಬರುತ್ತದೆ. 2022ರ ಸೆಪ್ಟೆಂಬರಿನಿಂದ ದತ್ತಕದ ಆದೇಶ ನೀಡುವವರು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು. ಮಗು ಮನೆಗೆ ಬಂದಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಣೆ ತಪ್ಪದು. ಇಷ್ಟೆಲ್ಲ ಕೇಳುವ ನಿಯಮ, ಮನೆ ಸ್ವಂತದ್ದೇ ಆಗಿರಬೇಕೆಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ.

ಇದನ್ನೇ ಆಕೆಗೆ ಹೇಳಿ ಕುರ್ಚಿ ಕೊಟ್ಟು ಕಳಿಸಿದೆ. ಬಂದ ಕಾರ್ಯಕರ್ತೆ ಚಾಪೆಯ ಮೇಲೆ ಅತ್ತೆಯ ಪಕ್ಕದಲ್ಲಿಯೇ ಕುಳಿತರಂತೆ. ಯಾವ ಗೋತ್ರದ ಕೂಸೋ ಎಂದು ವಾರವೆಲ್ಲ ಗೊಣಗಿದ್ದ ಮುದುಕಿ, ಅವರು ಕೇಳಿದಾಗ, "ರಾತ್ರಿ ಅತ್ತರೆ ನಾನು ಎತ್ತಿಕೊಳ್ಳುತ್ತೇನಮ್ಮ, ನನಗೆ ಹೇಗೂ ನಿದ್ದೆ ಬರುವುದಿಲ್ಲ" ಎಂದಳಂತೆ.

ವರದಿ ಹೋಗಿದೆ, ಸರದಿ ಇನ್ನೂ ಬಂದಿಲ್ಲ. ಇನ್ನೆಷ್ಟು ದಿನ ಕಾಯಬೇಕೋ ಹೇಳಲಾರೆ. ಸಿಂಹಾಸನವಿಲ್ಲದ ಆ ಒಂದು ಕೋಣೆಯ ಮನೆಯಲ್ಲಿ ಮಗುವಿಗೆ ಬೇಕಾದುದು ಆಗಲೇ ಸಿದ್ಧವಾಗಿದೆಯೆಂದು ಮಾತ್ರ ನನಗೆ ತೋರುತ್ತದೆ.