ಒಂದು ಚುಕ್ಕೆಯ ಬೆಲೆ

ಸಕಲೇಶಪುರ, ಆಲೂರಿನ ಕಡೆ ಮಳೆ ಹಿಡಿಯಿತೆಂದರೆ ಸಂಗೀತ ಕಲಿಯುವ ಮಕ್ಕಳ ಪುಸ್ತಕಕ್ಕೂ ಥಂಡಿ. ಶಾಯಿ ಹರಡಿ ‘ಸ’ದ ಮೇಲಿನ ಚುಕ್ಕೆ ಅಳಿಸಿಹೋದರೆ ತಾರಸ್ಥಾಯಿಯ ಷಡ್ಜ ಮಧ್ಯಸ್ಥಾಯಿಗೆ ಇಳಿದುಬಿಡುತ್ತದೆ. ಗುರುಗಳು ಎದುರಿಗಿದ್ದರೆ ತಿದ್ದುತ್ತಾರೆ. ಪುಸ್ತಕವೇ ಗುರುವಾದರೆ ಗತಿಯೇನು?

ಹಾಡನ್ನು ಕಾಗದಕ್ಕೆ ಇಳಿಸುವಾಗ ಯಾವ ಗುರುತು ಬಳಸಬೇಕೆಂಬುದು ಈ ಕಾರಣಕ್ಕೇ ದೊಡ್ಡ ಪ್ರಶ್ನೆಯಾಯಿತು. 1850ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳ ಸಂಗ್ರಹವನ್ನು ಅಚ್ಚು ಹಾಕಿಸಿದರು. ಆದರೆ ಪದ ಅಚ್ಚಾದ ಮಾತ್ರಕ್ಕೆ ಧಾಟಿ ಅಚ್ಚಾಗುವುದಿಲ್ಲ. ಅದಕ್ಕೆ ಸ್ವರಲಿಪಿ ಬೇಕು.

ಇಲ್ಲಿ ಕನ್ನಡ ಅಕ್ಷರಕ್ಕೆ ಒಂದು ಅನುಕೂಲವಿದೆ. ಹ್ರಸ್ವ, ದೀರ್ಘಗಳ ಭೇದ ಅದರಲ್ಲೇ ಇದೆ. ‘ಸ’ ಎಂದರೆ ಒಂದು ಅಕ್ಷರಕಾಲ, ‘ಸಾ’ ಎಂದರೆ ಎರಡು. ಇನ್ನೊಂದು ಅಕ್ಷರಕಾಲ ಎಳೆಯಬೇಕಾದರೆ ಅಲ್ಪವಿರಾಮ, ಎರಡು ಎಳೆಯಬೇಕಾದರೆ ಅರ್ಧವಿರಾಮ. ಮೇಲೆ ಚುಕ್ಕೆ ಇಟ್ಟರೆ ತಾರ, ಕೆಳಗೆ ಇಟ್ಟರೆ ಮಂದ್ರ. ಸ್ವರಗಳ ಮೇಲೆ ಒಂದು ಗೆರೆ ಎಳೆದರೆ ವೇಗ ಇಮ್ಮಡಿ. ಆದಿತಾಳದ ಎಂಟು ಎಣಿಕೆಗಳನ್ನು ನಾಲ್ಕು, ಎರಡು, ಎರಡಾಗಿ ಒಡೆಯಲು ಒಂಟಿ ದಂಡ, ಆವರ್ತ ಮುಗಿದಲ್ಲಿ ಜೋಡಿ ದಂಡ. ಪುರಂದರದಾಸರ ಪಿಳ್ಳಾರಿ ಗೀತೆಗಳಿಂದ ಪಾಠ ಹಿಡಿಯುವ ಮಗು ಮೊದಲು ಕಲಿಯುವುದು ಈ ಲಿಪಿಯನ್ನೇ.

ಧಾರವಾಡದ ಕಡೆಯ ಹಿಂದೂಸ್ತಾನಿ ವಿದ್ಯಾರ್ಥಿ ಓದುವ ಪುಸ್ತಕದ ಕಟ್ಟಳೆ ಬೇರೆ. ವಿಷ್ಣು ನಾರಾಯಣ ಭಾತಖಂಡೆ (1860–1936) ರೂಢಿಗೆ ತಂದ ಪದ್ಧತಿಯಲ್ಲಿ ಸ್ವರದ ಕೆಳಗಿನ ಗೆರೆ ಕೋಮಲದ ಗುರುತು. ಮಧ್ಯಮದ ಮೇಲೆ ನೆಟ್ಟಗೆ ನಿಂತ ಗೆರೆ ತೀವ್ರದ ಗುರುತು. ಒಂದು ಕಡೆ ಗೆರೆ ವೇಗವನ್ನು ಹೇಳಿದರೆ ಇನ್ನೊಂದು ಕಡೆ ಸ್ವರವನ್ನೇ ಬದಲಿಸುತ್ತದೆ. ಕರ್ನಾಟಕ ಪದ್ಧತಿಯವರು ಅದಕ್ಕೆ ಪ್ರತಿ ಸ್ವರಕ್ಕೂ ಗುರುತು ಹಾಕುವುದಿಲ್ಲ. ಶಿರೋನಾಮೆಯಲ್ಲಿ ರಾಗ, ಮೇಳ, ಆರೋಹಣ, ಅವರೋಹಣಗಳನ್ನು ಕೊಟ್ಟು ಮುಂದೆ ಸಾಗುತ್ತಾರೆ.

ಇಷ್ಟಾದರೂ ಗಮಕ ಉಳಿದೇ ಹೋಯಿತು. ಸುಬ್ಬರಾಮ ದೀಕ್ಷಿತರು ಎಟ್ಟಯಪುರದಿಂದ 1904ರಲ್ಲಿ ತೆಲುಗು ಲಿಪಿಯಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಬೇರೆ ಬೇರೆ ಚಿಹ್ನೆ ಇಟ್ಟರು. ಲಿಪಿ ತುಂಬಿದಷ್ಟೂ ಓದುವುದು ಕಷ್ಟ, ಅಚ್ಚು ಜೋಡಿಸುವುದು ಇನ್ನೂ ಕಷ್ಟ. ಮೊಳೆ ಜೋಡಿಸುವ ಕಾಲದಲ್ಲಿ ಗುಣಿಸು, ಒತ್ತುಗಳ ಜೊತೆಗೆ ಚುಕ್ಕೆ, ಗೆರೆಗಳಿಗೂ ಜಾಗ ಹುಡುಕಬೇಕಿತ್ತು. ಕಂಪ್ಯೂಟರ್ ಬಂದಮೇಲೂ ‘ರಿ’, ‘ನಿ’ಗಳ ತಲೆಯ ಮೇಲೆ ಚುಕ್ಕೆ ಎಲ್ಲ ಫಾಂಟ್‌ಗಳಲ್ಲೂ ಸರಿಯಾಗಿ ಕೂರುವುದಿಲ್ಲ. ಹೀಗಾಗಿ ಸಾಮಾನ್ಯ ಪಾಠಪುಸ್ತಕಗಳು ಕೆಲವೇ ಗುರುತುಗಳಿಗೆ ತೃಪ್ತಿಪಟ್ಟು, ಉಳಿದದ್ದನ್ನು ಗುರುವಿನ ಕಂಠಕ್ಕೆ ಬಿಟ್ಟವು.

ಆ ಕಂಠದ ಬಲ ಎಷ್ಟೆಂದು ತಿಳಿಯಲು ದೂರ ಹೋಗಬೇಕಿಲ್ಲ. ಇದೇ ಹಾಸನ ಜಿಲ್ಲೆಯ ಅರಕಲಗೂಡು ತಾಲೂಕಿನಲ್ಲಿ, ಕಾವೇರಿಯ ದಡದಲ್ಲಿ ರುದ್ರಪಟ್ಟಣವಿದೆ. 1920ರಲ್ಲಿ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಅದು. ಅವರಿಗೆ ಮೊದಲ ಪಾಠ ಆದದ್ದು ಮನೆಯಲ್ಲೇ, ಕೇಳಿ ಕೇಳಿ.

ಹಾಗೆಂದು ಲಿಪಿ ಬೇಡವೆನ್ನಲಾಗದು. ಮನೆಯಲ್ಲಿ ಹಾಡುವವರಿಲ್ಲದ, ಗುರುಗಳು ವಾರಕ್ಕೊಮ್ಮೆ ಬಸ್ಸು ಹತ್ತಿ ಬರುವ ಊರುಗಳಲ್ಲಿ ಉಳಿದ ಆರು ದಿನ ಮಗುವಿಗೆ ಆಸರೆ ಪುಸ್ತಕವೇ. ಗುರುತು ಯಾವುದೇ ಇರಲಿ, ಆರಿಸಿದ್ದನ್ನು ಮೊದಲ ಪುಟದಲ್ಲಿ ತಿಳಿಸಿ ಕೊನೆಯ ಪುಟದವರೆಗೂ ತಪ್ಪದೆ ಪಾಲಿಸುವುದು ಅಚ್ಚು ಹಾಕಿಸುವವರ ಧರ್ಮ. ಚುಕ್ಕೆ ಚಿಕ್ಕದು ನಿಜ. ಆದರೆ ಅದು ಬಿದ್ದುಹೋದರೆ ಇಡೀ ಒಂದು ಸ್ಥಾಯಿಯೇ ಬಿದ್ದುಹೋಗುತ್ತದೆ.